ದಂಡಿನ ಕಹಳೆಯಿಂದ ನಮ್ಮ ಶಾಲೆಯ ತುತ್ತೂರಿಯವರೆಗೆ

ನಮ್ಮ ಶಾಲೆಯಲ್ಲಿ ಓದಿದವರು ನಾಲ್ಕು ಜನ ಒಂದೆಡೆ ಸೇರಿ ಆಗಸ್ಟ್ 15ರ ಮಾತು ತೆಗೆದರೆ ಬ್ಯಾಂಡಿನ ಸುದ್ದಿ ಬಂದೇ ಬರುತ್ತದೆ. ಎರಡು ತುತ್ತೂರಿ, ನಾಲ್ಕು ಬ್ಯೂಗಲ್, ಸೈಡ್ ಡ್ರಮ್‌ಗಳು, ಒಂದು ದೊಡ್ಡ ಡ್ರಮ್: ಇಷ್ಟೇ ನಮ್ಮ ಬ್ಯಾಂಡು. ರಾಷ್ಟ್ರಗೀತೆ ಮುಗಿಯುವುದು ಸುಮಾರು 52 ಸೆಕೆಂಡುಗಳಲ್ಲಿ. ಅದರ ಕೊನೆಯ ಜಯಘೋಷದಲ್ಲಿ ಧಾಟಿ ತಾರಷಡ್ಜವನ್ನು ಮುಟ್ಟುತ್ತದೆ. ಆ ಒಂದು ಸ್ವರ ಕೆಲವು ವರ್ಷ ಗಂಟೆಯಂತೆ ಮೊಳಗಿತು, ಕೆಲವು ವರ್ಷ ಒಡೆದು ಹೋಯಿತು. ಒಡೆದ ವರ್ಷ ನುಡಿಸಿದ ಹುಡುಗ ಮುಂದಿನ ಆಗಸ್ಟಿನವರೆಗೂ ಗೇಲಿ ಕೇಳಬೇಕಾಗುತ್ತಿತ್ತು.

ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಬ್ಯಾಂಡನ್ನು ಮತ್ತೆ ಕಟ್ಟಬೇಕು ಎಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ಎದ್ದಿದೆ. ವಾದ್ಯ ಕೊಳ್ಳಲು ದುಡ್ಡು ಕೂಡಿಸುವುದು ಸುಲಭ. ಆದರೆ ಹದಿಮೂರು ವರ್ಷದ ಮಗುವಿನ ತುಟಿಗೆ ಹಿತ್ತಾಳೆಯ ಕೊಳವೆ ಕೊಟ್ಟು ‘ಮೇಲಕ್ಕೆ ಏರಿಸು’ ಎನ್ನುವ ಮೊದಲು, ಈ ವಾದ್ಯ ನಮ್ಮ ಕಡೆಗೆ ಹೇಗೆ ಬಂತು, ಇದರ ಮೇಲಿನ ಸ್ವರಗಳನ್ನು ಸಾಧಿಸಿದವರು ಯಾರು, ಏನು ಕಳೆದುಕೊಂಡರು ಎಂಬುದನ್ನು ತಿಳಿದಿರಬೇಕು. ಅದಕ್ಕಾಗಿ ಈ ಲೇಖನ.

ದಂಡು ಬಂದ ಕಾಲ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಕೆಲವು ವರ್ಷ ಅಲ್ಲೇ ಇತ್ತು. ಅಲ್ಲಿನ ಜ್ವರಕ್ಕೆ ಹೆದರಿ, ತಂಪು ಹವೆಯ ಬೆಂಗಳೂರಿಗೆ ಬಂತು. 1809ರಲ್ಲಿ ಹಲಸೂರಿನ ಆಸುಪಾಸಿನ ಬಯಲಿನಲ್ಲಿ ದಂಡು ಪ್ರದೇಶ ತಲೆಯೆತ್ತಿತು. ಕೆಂಪೇಗೌಡರ ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡು ಬ್ರಿಟಿಷರ ಬಳಿಯೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯ ಬರಲು ಮೂರು ವಾರವೂ ಇಲ್ಲದಿದ್ದಾಗ. ಎರಡೂ ಊರುಗಳು ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ.

ಹಲಸೂರು ಕೆರೆಯ ಬಳಿ 1830ರ ದಶಕದಿಂದಲೂ ಮದ್ರಾಸ್ ಸ್ಯಾಪರ್ಸ್ ನೆಲೆ ನಿಂತಿದ್ದಾರೆ. ಇಂದು ನಾವು ಎಂ.ಇ.ಜಿ. ಎಂದು ಕರೆಯುವ ಮದ್ರಾಸ್ ಇಂಜಿನಿಯರ್ ಗ್ರೂಪ್ ಅದೇ. ದಂಡಿನಲ್ಲಿ ಹೊತ್ತು ನಡೆಯುತ್ತಿದ್ದದ್ದು ಕಹಳೆಯ ಮೇಲೆ. ಏಳುವುದಕ್ಕೆ ಒಂದು ಕೂಗು, ಊಟಕ್ಕೆ ಒಂದು, ಕವಾಯತಿಗೆ ಒಂದು, ದೀಪ ಆರಿಸುವುದಕ್ಕೆ ಒಂದು. ಬ್ರಿಟಿಷ್ ಪದ್ಧತಿಯಲ್ಲಿ ಕಾಲಾಳುಗಳಿಗೆ ಬ್ಯೂಗಲ್, ಕುದುರೆ ಸವಾರರಿಗೆ ಟ್ರಂಪೆಟ್. ಭಾನುವಾರ ಸೈನಿಕರು ಇಗರ್ಜಿಗೆ ಸಾಲಾಗಿ ಹೋಗುವಾಗ ಮುಂದೆ ಬ್ಯಾಂಡು. ಈಗಿನ ಟ್ರಿನಿಟಿ ವೃತ್ತದ ಹೋಲಿ ಟ್ರಿನಿಟಿ ಚರ್ಚು ಅಂಥ ಸೇನಾ ಇಗರ್ಜಿ. ಕಬ್ಬನ್ ಪಾರ್ಕಿನಲ್ಲಿ ಇಂದಿಗೂ ನಿಂತಿರುವ ಬ್ಯಾಂಡ್ ಸ್ಟ್ಯಾಂಡ್ ಆ ಕಾಲದ ಸಂಜೆಗಳ ಗುರುತು.

ಆ ಬ್ಯಾಂಡುಗಳೂ ಮೊದಲಿನಿಂದ ಅಚ್ಚುಕಟ್ಟಾಗಿರಲಿಲ್ಲ. 1854ರಲ್ಲಿ, ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ, ತುರ್ಕಿಯ ಸ್ಕುಟಾರಿಯಲ್ಲಿ ಹಲವು ಬ್ರಿಟಿಷ್ ಬ್ಯಾಂಡುಗಳು ಒಟ್ಟಿಗೆ ರಾಣಿಯ ಗೀತೆ ನುಡಿಸಿದಾಗ ಒಂದೊಂದರ ಶ್ರುತಿ ಒಂದೊಂದಾಗಿ ನಗೆಪಾಟಲಾಯಿತು. ಆ ಅವಮಾನದಿಂದಲೇ 1857ರಲ್ಲಿ ಲಂಡನ್ ಬಳಿಯ ನೆಲ್ಲರ್ ಹಾಲ್‌ನಲ್ಲಿ ಸೇನಾ ಸಂಗೀತದ ಶಾಲೆ ಶುರುವಾಯಿತು. ನಮ್ಮ ದೇಶಕ್ಕೆ ಅಂಥ ಶಾಲೆ ಬಂದದ್ದು 1950ರಲ್ಲಿ, ಮಧ್ಯಪ್ರದೇಶದ ಪಚಮಢಿಯಲ್ಲಿ. ಆಗ ಭಾರತದ ಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನ ಕೆ.ಎಂ. ಕಾರ್ಯಪ್ಪನವರು. ಅವರ ಆಸರೆಯಲ್ಲೇ ಆ ಶಾಲೆ ಬೆಳೆಯಿತು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಬೆರಳಿಲ್ಲದ ಸ್ವರಗಳು

ಕಹಳೆ ನಮಗೆ ಹೊಸದೇನೂ ಅಲ್ಲ. ನಮ್ಮ ಗುಡಿಗಳ ಗೋಡೆಯ ಶಿಲ್ಪಗಳಲ್ಲಿ ಮೆರವಣಿಗೆಯ ಮುಂದೆ ಕೊಂಬು ಕಹಳೆ ಊದುವವರಿದ್ದಾರೆ. ನಮ್ಮ ಜಾತ್ರೆಗಳಲ್ಲೂ ಕಹಳೆ ಊದುವವರನ್ನು ಕಂಡಿದ್ದೇವೆ. ಕೊಂಬು, ಬ್ಯೂಗಲ್, ಟ್ರಂಪೆಟ್ ಮೂರಕ್ಕೂ ಮೂಲ ಒಂದೇ. ಸದ್ದು ಹುಟ್ಟುವುದು ಲೋಹದಲ್ಲಲ್ಲ, ತುಟಿಯಲ್ಲಿ. ತುಟಿ ಅದುರಿದರೆ ಕೊಳವೆಯೊಳಗಿನ ಗಾಳಿ ಅದುರುತ್ತದೆ.

ಕೊಳವೆ ಮಾತ್ರ ತನಗೆ ಒಪ್ಪಿದ ಸ್ವರಗಳನ್ನಷ್ಟೇ ಕೊಡುತ್ತದೆ. ಬೆರಳು ಆಡಿಸದೆ ಊದಿದರೆ ಕೆಳಗಿನಿಂದ ಮೇಲಕ್ಕೆ ಹೀಗೆ ಸಿಗುತ್ತವೆ: ಮಂದ್ರದ ಸ, ಅದರ ಮೇಲೆ ಪ, ಮಧ್ಯದ ಸ, ಗ, ಪ, ಆಮೇಲೆ ತಾರದ ಸ. ಮೇಲಿನ ಪ ಮತ್ತು ತಾರದ ಸ ನಡುವೆ ಒಂದು ನಿಷಾದವೂ ಸಿಗುತ್ತದೆ, ಆದರೆ ಅದು ಶ್ರುತಿಯಲ್ಲಿ ತುಸು ಇಳಿದಿರುವುದರಿಂದ ಯಾರೂ ಬಳಸುವುದಿಲ್ಲ. ಸೇನೆಯ ಬ್ಯೂಗಲ್ ಕೂಗುಗಳು ಸಾಮಾನ್ಯವಾಗಿ ಇವುಗಳಲ್ಲಿ ಐದೇ ಸ್ವರಗಳಿಂದ ಕಟ್ಟಿದಂಥವು.

ಇಲ್ಲಿ ಗಮನಿಸಬೇಕಾದ್ದು ಮೆಟ್ಟಿಲುಗಳ ಅಂತರ. ಕೆಳಗೆ ಸ ದಿಂದ ಪ ದವರೆಗೆ ಐದು ಸ್ವರದ ಜಿಗಿತ. ಮೇಲಕ್ಕೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ. ತಾರಷಡ್ಜ ದಾಟಿದರೆ ಸ, ರಿ, ಗ ಒತ್ತೊತ್ತಾಗಿ ಕೂತಿರುತ್ತವೆ. ಹಾಗಾಗಿ ಕೆಳಗೆ ತುಟಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸ್ವರ ಜಾರುವುದಿಲ್ಲ. ಮೇಲೆ ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಸ್ವರ ಬಂದುಬಿಡುತ್ತದೆ. ಮಕ್ಕಳ ಶ್ರುತಿಗೆ ಹೊಂದಿಸಿ ರಾಷ್ಟ್ರಗೀತೆ ನುಡಿಸಿದರೆ ಆ ಜಯಘೋಷದ ಸ್ವರ ಬೀಳುವುದು ಈ ಮೆಟ್ಟಿಲುಗಳು ಕಿರಿದಾಗತೊಡಗುವ ಜಾಗದಲ್ಲೇ. ನಮ್ಮ ಹುಡುಗರ ತುತ್ತೂರಿ ‘ಒಡೆದದ್ದು’ ಎಂದರೆ ಇದೇ. ಅದರಲ್ಲಿ ಗೇಲಿ ಮಾಡುವಂಥದ್ದು ಏನೂ ಇರಲಿಲ್ಲ.

ಕೊಳವೆಯ ಉಳಿದ ಸ್ವರಗಳನ್ನು ತುಂಬಿದ್ದು ಪಿಸ್ಟನ್. 1818ರಲ್ಲಿ ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಬರ್ಲಿನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೂರು ಪಿಸ್ಟನ್‌ಗಳಲ್ಲಿ ನಡುವಿನದು ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಮೂರೂ ಮಾಡುವುದು ಇಳಿಸುವ ಕೆಲಸವನ್ನೇ. ಏರಿಸುವ ಪಿಸ್ಟನ್ ಎಂಬುದೇ ಇಲ್ಲ. ಏರಿಸುವ ಭಾರ ಅಂದೂ ಇಂದೂ ಉಸಿರು ಮತ್ತು ತುಟಿಯ ಮೇಲೆಯೇ.

ಮಾಮೂಲಿ ಟ್ರಂಪೆಟ್ಟಿನಲ್ಲಿ ಬ್ಯಾಂಡಿನವರು ‘ಹೈ ಸಿ’ ಎನ್ನುವ ತಾರಷಡ್ಜಕ್ಕೆ ತುಟಿ ಸೆಕೆಂಡಿಗೆ ಸುಮಾರು 930 ಸಲ ಅದುರಬೇಕು. ಅದರ ಮೇಲಿನ ಷಡ್ಜಕ್ಕೆ ಅದರ ಎರಡರಷ್ಟು. ಪಿಸ್ಟನ್ ಹುಟ್ಟುವ ಮೊದಲು, ಯುರೋಪಿನ ಬಾಖ್‌ನ ಕಾಲದ ಕಹಳೆಗಾರರು ಧಾಟಿ ನುಡಿಸಬೇಕೆಂದರೆ ಈ ಕಿರಿದಾದ ಮೆಟ್ಟಿಲುಗಳಿಗೇ ಹತ್ತಬೇಕಿತ್ತು. ಬಾಖ್‌ನ ಮುಖ್ಯ ಕಹಳೆಗಾರ ಗಾಟ್‌ಫ್ರೀಡ್ ರೈಖೆ 1734ರಲ್ಲಿ ಲೈಪ್‌ಜಿಗ್‌ನಲ್ಲಿ ಬೀದಿಯಲ್ಲೇ ಕುಸಿದು ಸತ್ತ. ಹಿಂದಿನ ರಾತ್ರಿ ರಾಜನ ಮುಂದೆ ಊದಿದ ದಣಿವು ಮತ್ತು ಪಂಜುಗಳ ಹೊಗೆ ಅದಕ್ಕೆ ಕಾರಣ ಎಂದು ಆ ಕಾಲದವರು ಬರೆದಿಟ್ಟಿದ್ದಾರೆ.

ಬ್ಯಾಂಡ್ ಸೆಟ್ಟಿನವರು

ದಂಡಿನ ವಾದ್ಯ ಬೀದಿಗೆ ಇಳಿದದ್ದು ಬ್ಯಾಂಡ್ ಸೆಟ್ಟಿನ ಮೂಲಕ. ದೇಶದ ಎಲ್ಲ ದಂಡು ಊರುಗಳಲ್ಲೂ ಇದೇ ಕಥೆ. ಸೇನೆಯ ವೇಷಕ್ಕೆ ಹೋಲುವ ಕೆಂಪು ಕೋಟು, ಹೆಗಲಿಗೆ ಜರತಾರಿ, ಕೈಯಲ್ಲಿ ಕ್ಲಾರಿನೆಟ್, ಟ್ರಂಪೆಟ್, ಯುಫೋನಿಯಂ. ನಮ್ಮ ಪೂರ್ವ ಬೆಂಗಳೂರಿನಲ್ಲಿ ಈ ಬ್ಯಾಂಡಿಗೆ ಜಾತಿ ಮತದ ಬೇಲಿ ಇರಲಿಲ್ಲ. ಶಿವಾಜಿನಗರದ ಸೇಂಟ್ ಮೇರಿ ಇಗರ್ಜಿಯ ಸೆಪ್ಟೆಂಬರ್ 8ರ ತೇರಿಗೂ ಬ್ಯಾಂಡು ಬೇಕು, ಹಲಸೂರು ಸೋಮೇಶ್ವರನ ಪಲ್ಲಕ್ಕಿ ಉತ್ಸವಕ್ಕೂ ಬೇಕು, ಕೆ.ಆರ್. ಪುರದ ಕಡೆಯ ನಮ್ಮ ಹಳ್ಳಿಗಳ ಮದುವೆಯ ಮೆರವಣಿಗೆಗೂ ಬೇಕು. ಮುಹೂರ್ತಕ್ಕೆ ವಾಲಗ, ಮೆರವಣಿಗೆಗೆ ಬ್ಯಾಂಡ್ ಸೆಟ್ಟು ಎಂಬುದು ನಮ್ಮಲ್ಲಿ ರೂಢಿಯೇ ಆಗಿಹೋಯಿತು.

ಮೆರವಣಿಗೆಯಲ್ಲಿ ಜನ ಕೇಳುವುದು ಸಿನಿಮಾ ಹಾಡು. ಪಿ. ಸುಶೀಲ, ಎಸ್. ಜಾನಕಿ ಹಾಡಿದ ಧಾಟಿಯನ್ನು ಅದೇ ಎತ್ತರದಲ್ಲಿ ನುಡಿಸಿದರೇ ಜನಕ್ಕೆ ಅದು ‘ಆ ಹಾಡು’. ಹೆಣ್ಣುದನಿಯ ಚರಣಗಳು ಟ್ರಂಪೆಟ್ಟಿನ ಮೇಲ್ಗಡೆಯ ಜಾಗಕ್ಕೇ ಬೀಳುತ್ತವೆ. ಕಚೇರಿಯಲ್ಲಿ ಕೂತು ನುಡಿಸುವವನಿಗೆ ಹಾಡಿನ ನಡುವೆ ಬಿಡುವಿದೆ. ಬೀದಿಯಲ್ಲಿ ನಡೆಯುತ್ತಾ ಮೂರು ನಾಲ್ಕು ಗಂಟೆ ಊದುವವನಿಗೆ ಬಿಡುವಿಲ್ಲ. ಬಯಲಿನಲ್ಲಿ ತನ್ನ ಸದ್ದು ತನಗೇ ಕೇಳದು, ಪಕ್ಕದಲ್ಲಿ ಡ್ರಮ್ಮು, ಪಟಾಕಿ. ಸ್ವರ ಏರದಿದ್ದಾಗ ಕೈ ತಾನಾಗಿಯೇ ವಾದ್ಯವನ್ನು ತುಟಿಗೆ ಒತ್ತುತ್ತದೆ. ಒತ್ತಿದರೆ ಸ್ವರ ಆ ಕ್ಷಣಕ್ಕೆ ಸಿಗುತ್ತದೆ. ಆದರೆ ತುಟಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಬಾವು ಬರುತ್ತದೆ, ಮುಂದಿನ ಹಲ್ಲುಗಳ ಮೇಲೆ ಭಾರ ಬೀಳುತ್ತದೆ.

ಇದು ನಮ್ಮ ಬಡ ಬ್ಯಾಂಡಿನವರ ಪಾಡು ಮಾತ್ರವಲ್ಲ. ಜಗತ್ತಿಗೇ ಹೆಸರಾದ ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ 1930ರ ದಶಕದಲ್ಲಿ ಸಭೆ ಸಭೆಯಲ್ಲೂ ಮೇಲಿನ ಸ್ವರಗಳನ್ನು ಎಡೆಬಿಡದೆ ಊದಿ ತುಟಿ ಹರಿದುಕೊಂಡರು. ತಿಂಗಳುಗಟ್ಟಲೆ ವಾದ್ಯ ಮುಟ್ಟಲಾಗಲಿಲ್ಲ. ತುಟಿಯ ಸುತ್ತಲ ಸ್ನಾಯು ಹರಿಯುವ ಆ ಗಾಯಕ್ಕೆ ವೈದ್ಯರು ಮುಂದೆ ಅವರ ಅಡ್ಡಹೆಸರನ್ನೇ ಇಟ್ಟು ‘ಸ್ಯಾಚ್ಮೋ ಸಿಂಡ್ರೋಮ್’ ಎಂದರು. ಆರ್ಮ್‌ಸ್ಟ್ರಾಂಗ್‌ಗೆ ಹಾಡುವ ಕಂಠವೂ ಇತ್ತು, ಬದುಕು ನಡೆಯಿತು. ನಮ್ಮ ಬೀದಿಯ ಟ್ರಂಪೆಟ್ ವಾದಕನಿಗೆ ಮುಂದಿನ ಹಲ್ಲು ಬಿದ್ದರೆ ಅಲ್ಲಿಗೆ ಸಂಪಾದನೆ ಮುಗಿಯಿತು. ನಮ್ಮ ಊರಿನ ಚರಿತ್ರೆ ಬರೆಯುವಾಗ ದೊರೆಗಳ, ರೆಸಿಡೆಂಟರ ಹೆಸರು ಬರುತ್ತದೆ. ನಮ್ಮ ಅಪ್ಪ ಅಮ್ಮಂದಿರ ಮದುವೆಗೆ ಊದಿದವರ ಹೆಸರು ಎಲ್ಲೂ ಇಲ್ಲ.

ಮೈಸೂರಿನ ದಾರಿ, ಮದನಪಲ್ಲಿಯ ದಾರಿ

ಪರದೇಶದ ವಾದ್ಯವನ್ನು ನಮ್ಮದಾಗಿಸಿಕೊಳ್ಳುವ ಇನ್ನೊಂದು ದಾರಿ ಮೈಸೂರಿನಲ್ಲಿತ್ತು. ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ನಮ್ಮ ರಾಜ್ಯದ ಪೊಲೀಸ್ ಬ್ಯಾಂಡಿನಲ್ಲಿ ಇಂದಿಗೂ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂಬ ಎರಡು ಬಗೆಗಳಿವೆ. ದಸರೆಯಲ್ಲಿ ಅರಮನೆಯ ಮುಂದೆ ಅವರು ನುಡಿಸುವುದನ್ನು ನೋಡಿದವರಿಗೆ ಇದು ಗೊತ್ತು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ದಕ್ಷಿಣ ಕನ್ನಡದ ಒಬ್ಬ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್ ಆಗಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ವಾದ್ಯ ಯಾರದ್ದೆಂಬುದು ಮುಖ್ಯವಲ್ಲ, ಅದನ್ನು ಎಷ್ಟು ವರ್ಷ ತಾಳ್ಮೆಯಿಂದ ತಿದ್ದಿಕೊಂಡರು ಎಂಬುದೇ ಮುಖ್ಯ ಎಂದು ಅವರ ಬದುಕು ತೋರಿಸುತ್ತದೆ.

ಟ್ರಂಪೆಟ್ಟಿನ ತಾರಸ್ಥಾಯಿಯ ವಿಷಯದಲ್ಲಿ ನಮಗೆ ಇನ್ನೂ ಹತ್ತಿರದ ಒಂದು ಕಥೆಯಿದೆ. ನಮ್ಮೂರ ಮುಂದಿನ ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರಕ್ಕೆ ಹೋಗಿ, ಶ್ರೀನಿವಾಸಪುರದ ಮೇಲೆ ಗಡಿ ದಾಟಿದರೆ ಮದನಪಲ್ಲಿ. ಅದರ ಹತ್ತಿರ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಶಾಲೆ ಇದೆ. 1960ರ ದಶಕದ ಕೊನೆಯಲ್ಲಿ ಆ ಶಾಲೆಗೆ ಬಂದು ಮಕ್ಕಳಿಗೆ ಪಾಠ ಹೇಳಿದವರು ಮೇನಾರ್ಡ್ ಫರ್ಗುಸನ್. 1928ರಲ್ಲಿ ಕೆನಡಾದ ಮಾಂಟ್ರಿಯಲ್ ಬಳಿ ಹುಟ್ಟಿದ ಇವರು ಅಷ್ಟರಲ್ಲಾಗಲೇ ಟ್ರಂಪೆಟ್ಟಿನ ಅತಿ ಎತ್ತರದ ಸ್ವರಗಳಿಗೆ ಜಗತ್ತಿನಲ್ಲೇ ಹೆಸರಾಗಿದ್ದರು. ಉಳಿದವರು ಹರಸಾಹಸ ಮಾಡಿ ಮುಟ್ಟುವ ತಾರಷಡ್ಜದ ಮೇಲೆ ಅವರು ಇನ್ನೊಂದು ಸ್ಥಾಯಿ ಸುತ್ತಾಡಿ ಬರುತ್ತಿದ್ದರು. ಮುಂದೆ ಅವರು ಪುಟ್ಟಪರ್ತಿಯ ಸತ್ಯಸಾಯಿ ವಿದ್ಯಾಸಂಸ್ಥೆಯ ಹುಡುಗರ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಕಟ್ಟಲು ನೆರವಾದರು, ಹಲವು ಚಳಿಗಾಲ ಅಲ್ಲಿಗೆ ಬಂದು ಕಲಿಸಿದರು. 2006ರಲ್ಲಿ ತೀರಿಕೊಂಡರು.

ಅವರು ತಮ್ಮ ಶಿಷ್ಯರಿಗೆ ಒತ್ತಿ ಹೇಳುತ್ತಿದ್ದದ್ದು ಉಸಿರಾಟ. ಹೊಟ್ಟೆಯ ಕೆಳಭಾಗದಿಂದ ಎದೆಯವರೆಗೆ ಹಂತಹಂತವಾಗಿ ಗಾಳಿ ತುಂಬುವ ಯೋಗದ ಪೂರ್ಣ ಉಸಿರನ್ನು ಅವರು ಟ್ರಂಪೆಟ್ಟಿಗೆ ಅಳವಡಿಸಿಕೊಂಡಿದ್ದರು. ನಮ್ಮ ಬೆಳಗಿನ ಪ್ರಾಣಾಯಾಮವನ್ನು ಅವರು ಇಲ್ಲಿಂದ ಕೊಂಡೊಯ್ದು ಅಮೆರಿಕದ ಶಾಲೆಗಳ ಬ್ಯಾಂಡ್ ಕೋಣೆಗಳಲ್ಲಿ ಹೇಳಿಕೊಟ್ಟರು.

ನಮ್ಮ ಮೇಷ್ಟ್ರು ಕಲಿಸಿದ್ದು

ನಮಗೆ ಬ್ಯಾಂಡ್ ಕಲಿಸಿದ ಮೇಷ್ಟ್ರು ಸೇನೆಯ ಬ್ಯಾಂಡಿನಿಂದ ನಿವೃತ್ತರಾಗಿ ಹಲಸೂರಿನಲ್ಲಿ ನೆಲೆಸಿದವರು. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬರುತ್ತಿದ್ದರು. ಫರ್ಗುಸನ್ ಹೆಸರನ್ನು ಅವರು ಎಂದೂ ಹೇಳಿದ್ದು ನಾನು ಕೇಳಿಲ್ಲ. ಆದರೆ ಅವರ ಬಾಯಲ್ಲಿ ಬರುತ್ತಿದ್ದ ಮಾತೂ ಅದೇ: “ತುಟಿಗೆ ಒತ್ತಬೇಡ್ರಪ್ಪ, ದಮ್ಮು ಕೊಡಿ.” ಅವರು ಕಲಿಸಿದ ಕ್ರಮವನ್ನು, ನಾನು ಆಮೇಲೆ ಓದಿ ನುಡಿಸಿ ತಿಳಿದದ್ದನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತೇನೆ. ಮುಂದೆ ಕಲಿಸುವವರಿಗೆ ಇದು ಬೇಕಾಗುತ್ತದೆ.

ಮೊದಲ ಕೆಲಸ ಉದ್ದ ಸ್ವರ. ಮಧ್ಯದ ಸ ಹಿಡಿದು, ಮೆಲ್ಲಗೆ, ಅಲುಗದಂತೆ, ಉಸಿರು ಇರುವಷ್ಟು ಹೊತ್ತು ಊದುವುದು. ಜೋರಾಗಿ ಊದುವುದು ಯಾರಿಗಾದರೂ ಬರುತ್ತದೆ. ಮೆಲ್ಲಗೆ ಊದಿದ ಸ್ವರ ನಡುಗದಿದ್ದರೆ ತುಟಿ ಗಟ್ಟಿಯಾಗಿದೆ ಎಂದರ್ಥ.

ಎರಡನೆಯದು ಬೆರಳು ಆಡಿಸದೆ ಸ್ವರ ಬದಲಿಸುವುದು. ಸ ದಿಂದ ಪ, ಪ ದಿಂದ ಸ, ಆಮೇಲೆ ಗ. ನಾಲಗೆ ಒಳಗೆ ಕೆಲಸ ಮಾಡಬೇಕು. ಕೆಳಗಿನ ಸ್ವರಕ್ಕೆ ‘ಆ’ ಎನ್ನುವಾಗಿನಂತೆ ನಾಲಗೆ ಕೆಳಗೆ, ಮೇಲಿನ ಸ್ವರಕ್ಕೆ ‘ಈ’ ಎನ್ನುವಾಗಿನಂತೆ ಮೇಲಕ್ಕೆ. ನೀರು ಹಾಯಿಸುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಕಿರಿದು ಮಾಡಿದರೆ ನೀರು ದೂರ ಚಿಮ್ಮುತ್ತದಲ್ಲ, ಹಾಗೆ ಗಾಳಿ ಚುರುಕಾಗುತ್ತದೆ.

ಮೂರನೆಯದು ಬಾಯಿಯ ಮೂಲೆಗಳು. ಗಟ್ಟಿಯಾಗಿರಬೇಕಾದದ್ದು ಮೂಲೆ, ನಡುವಿನ ತುಟಿ ಅದುರಲು ಬಿಡುವಾಗಿರಬೇಕು. ನಗುವಂತೆ ಬಾಯಿ ಎಳೆದರೆ ತುಟಿ ತೆಳುವಾಗಿ ಬೇಗ ಸೋಲುತ್ತದೆ.

ನಾಲ್ಕನೆಯದು ಅರ್ಧ ಸ್ವರದ ಲೆಕ್ಕ. ಇಂದು ಯಾವ ಸ್ವರ ಸಲೀಸಾಗಿ, ಹಿಗ್ಗಿ ಬರುತ್ತದೋ ಅದರಿಂದ ಅರ್ಧ ಸ್ವರ ಮಾತ್ರ ಮೇಲಕ್ಕೆ. ಅದು ಸಲೀಸಾಗುವವರೆಗೆ, ವಾರವಾಗಲಿ ತಿಂಗಳಾಗಲಿ, ಮುಂದಿನದಕ್ಕೆ ಕೈ ಹಾಕಬಾರದು. ಮೆಟ್ಟಿಲು ಹಾರಿದವನು ಬೀಳುತ್ತಾನೆ.

ಐದನೆಯದು ಬಿಡುವು. ಎಷ್ಟು ಹೊತ್ತು ಊದಿದೆವೋ ಅಷ್ಟು ಹೊತ್ತು ಸುಮ್ಮನೆ ಕೂರಬೇಕು. ನಮ್ಮ ಮೇಷ್ಟ್ರು ಒಬ್ಬ ಊದುವಾಗ ಇನ್ನೊಬ್ಬನಿಗೆ ಡ್ರಮ್ಮಿನ ಕೋಲು ಕೊಡುತ್ತಿದ್ದರು. ಅದು ಶಿಸ್ತಿಗಾಗಿ ಎಂದು ನಾವು ಅಂದುಕೊಂಡಿದ್ದೆವು. ನಮ್ಮ ತುಟಿ ಕಾಯುವುದಕ್ಕಾಗಿ ಎಂದು ಆಮೇಲೆ ಅವರೇ ಹೇಳಿದರು. ತುಟಿ ಮರಗಟ್ಟಿದರೆ, ತಲೆ ಸುತ್ತಿದರೆ, ಅಂದಿನ ಪಾಠ ಅಲ್ಲಿಗೇ ಮುಗಿಯಬೇಕು.

ಹವೆಯನ್ನೂ ಮರೆಯಬಾರದು. ತಣ್ಣನೆಯ ವಾದ್ಯದ ಶ್ರುತಿ ಇಳಿದಿರುತ್ತದೆ, ಬಿಸಿಯಾದಂತೆ ಏರುತ್ತದೆ. ಆಗಸ್ಟಿನ ಮೋಡದ ಬೆಳಿಗ್ಗೆ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆದು ನೇರ ಧ್ವಜದ ಮುಂದೆ ನಿಲ್ಲಿಸಿದರೆ ಇಳಿದ ಶ್ರುತಿಯನ್ನು ಎತ್ತಲು ಮಗು ತುಟಿಯನ್ನೇ ಹಿಂಡುತ್ತದೆ. ಹತ್ತು ನಿಮಿಷ ಮೊದಲೇ ಒಳಗೆ ಬಿಸಿಯುಸಿರು ಬಿಟ್ಟುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ.

ಹೊಸ ಬ್ಯಾಂಡಿಗೆ ಕೆಲವು ಮಾತು

ದಂಡಿನ ಸುತ್ತಲಿನ ಊರು ಈಗ ಗುರುತು ಸಿಗದಷ್ಟು ಬದಲಾಗಿದೆ. ಟೆಲಿಫೋನ್ ಕಾರ್ಖಾನೆ 1948ರಲ್ಲಿ ಬಂದಾಗ ಹೊಲಗಳ ನಡುವೆ ಇದ್ದ ದೂರವಾಣಿನಗರ ಈಗ ನಗರದ ಒಳಗೇ ಇದೆ. ಇಂದಿರಾನಗರದಲ್ಲಿ ಸಂಗೀತ ಕಲಿಸುವ ಖಾಸಗಿ ತರಗತಿಗಳಿವೆ, ಅವುಗಳ ಶುಲ್ಕ ಕೊಡುವ ಶಕ್ತಿ ನಮ್ಮ ಶಾಲೆಯ ಮಕ್ಕಳ ಮನೆಯವರಿಗಿಲ್ಲ. ಅದಕ್ಕೇ ಶಾಲೆಯ ಬ್ಯಾಂಡು ಬೇಕು. ಪೊಲೀಸ್ ಬ್ಯಾಂಡು, ಸೇನೆಯ ಬ್ಯಾಂಡುಗಳಲ್ಲಿ ನೌಕರಿಯೂ ಇದೆ, ಮರ್ಯಾದೆಯೂ ಇದೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ವಾದ್ಯ ಕೊಡುವಾಗ ಪ್ರತಿ ಮಗುವಿಗೂ ಬೇರೆ ಮೌತ್‌ಪೀಸ್ ಕೊಡಿ, ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದುವುದು ಬೇಡ. ಹೆಣ್ಣುಮಕ್ಕಳಿಗೂ ತುತ್ತೂರಿ ಕೊಡಿ. ನಮ್ಮ ಕಾಲದಲ್ಲಿ ಅವರ ಕೈಗೆ ಬಂದದ್ದು ಡ್ರಮ್ಮು ಮಾತ್ರ, ಉಸಿರಿನ ವಾದ್ಯಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಮೊದಲ ವರ್ಷ ರಾಷ್ಟ್ರಗೀತೆಯನ್ನು ತುಸು ಕೆಳಗಿನ ಶ್ರುತಿಗೆ ಇಟ್ಟುಕೊಳ್ಳಿ. ಹಾಡುವವರಿಗೂ ಅದರಿಂದ ತೊಂದರೆಯಿಲ್ಲ, ತುತ್ತೂರಿಯ ಮಗುವಿಗೂ ನೆಮ್ಮದಿ. ಎರಡನೆಯ ವರ್ಷ ಶ್ರುತಿ ಏರಿಸಬಹುದು. ಹಲಸೂರು, ಶಿವಾಜಿನಗರದ ಕಡೆ ಇನ್ನೂ ಇರುವ ಹಿರಿಯ ಬ್ಯಾಂಡಿನವರಲ್ಲಿ ಒಬ್ಬರನ್ನು ಗೌರವಧನ ಕೊಟ್ಟು ಕರೆಸಿ. ಅವರ ಹೆಸರನ್ನು ಶಾಲೆಯ ದಾಖಲೆಯಲ್ಲಿ ಬರೆಯಿರಿ.

ಕೊನೆಯದಾಗಿ, ಸ್ವರ ಒಡೆದರೆ ಯಾರೂ ನಗಬೇಡಿ. ನೆರೆದ ಊರಿನ ಮುಂದೆ ತಾರಷಡ್ಜಕ್ಕೆ ಕೈ ಚಾಚಿದ ಮಗು ಅದು. ಚಪ್ಪಾಳೆ ತಟ್ಟಿ, ಮುಂದಿನ ವರ್ಷ ಮುಟ್ಟುತ್ತದೆ.